ಕೆರೆಯೋ, ಬೆಟ್ಟವೋ, ಮನೆ ಹಿಂದಿನ ಗಾರ್ಡನ್ನೋ: ಹನ್ನೆರಡು ವಾರ ಅಡ್ಡಾಡಿ ನೋಡಿದ್ದು

ಶುಗರ್ ಶುರುವಾಗಿದೆ, ದಿನಾ ನಲವತ್ತು ನಿಮಿಷ ನಡೆಯಿರಿ ಅಂತ ಡಾಕ್ಟರ್ ಹೇಳಿದ್ದು ಮೇ ಕೊನೆಯಲ್ಲಿ. ಎಲ್ಲಿ ನಡೆಯಬೇಕು ಅಂತ ಹೇಳಲಿಲ್ಲ. ಅದನ್ನು ಹೇಳೋಕೆ ಮನೆ ಮಂದಿ ಇದ್ದರಲ್ಲ. ನಾವಿರುವುದು ಹುಬ್ಬಳ್ಳಿ ವಿದ್ಯಾನಗರದ ಆಚೆಗಿನ ಒಂದು ಕಾಲನಿಯಲ್ಲಿ. ಯಜಮಾನರು ಉಣಕಲ್ ಕೆರೆ ಅಂದರು. ಮಗ ನೃಪತುಂಗ ಬೆಟ್ಟ ಅಂದ. ಆಫೀಸಿನ ಗೆಳತಿ ತೋಳನಕೆರೆ ಅಂದಳು. ಅತ್ತೆಯವರು ಮಾತ್ರ, "ಮನಿ ಹಿಂದ ಗಾರ್ಡನ್ ಐತೆಲ್ಲವಾ, ಅಲ್ಲೇ ನಾಕ್ ಸುತ್ತ ಹಾಕಿದ್ರ ಆತು" ಅಂದರು. ನಾನು ನಕ್ಕುಬಿಟ್ಟೆ.

ಆಮೇಲೆ ನಾಲ್ಕನ್ನೂ ನೋಡಿಬಿಡೋಣ ಅನ್ನಿಸಿತು. ಒಂದೊಂದಕ್ಕೆ ಮೂರು ವಾರ. ಹೋದ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಒಂದು ಗೀಟು. ಹೋಗದಿದ್ದರೆ ಯಾಕೆ ಹೋಗಲಿಲ್ಲ ಅಂತ ಪಕ್ಕದಲ್ಲೇ ಒಂದು ಮಾತು.

ಜೂನ್‌ನಲ್ಲಿ ಉಣಕಲ್ ಕೆರೆ. ನೋಡಲು ಇದಕ್ಕೆ ಸರಿಸಾಟಿ ಇಲ್ಲ. ಅಷ್ಟು ದೊಡ್ಡ ನೀರು, ನಡುವೆ ವಿವೇಕಾನಂದರ ಪ್ರತಿಮೆ, ಬೆಳಿಗ್ಗೆ ಆರಕ್ಕೆ ಮುಖಕ್ಕೆ ತಣ್ಣನೆ ಗಾಳಿ. ಚಿಗರಿ ಬಸ್ಸಿನಲ್ಲಿ ಬಂದು ಇಳಿದರೆ ರಸ್ತೆ ಬದಿಯಲ್ಲೇ ಕೆರೆ. ಒಂದು ದಿನ ಹಾಗೇ ಉಣಕಲ್ ಊರೊಳಗೆ ಹೋಗಿ ಚಂದ್ರಮೌಳೇಶ್ವರನಿಗೂ ಕೈ ಮುಗಿದು ಬಂದೆ. ಚಾಲುಕ್ಯರ ಕಾಲದ ಅಂಥ ಕೆತ್ತನೆ ಇಷ್ಟು ಹತ್ತಿರ ಇಟ್ಟುಕೊಂಡು ನಾವು ಎಷ್ಟು ಸಲ ಹೋಗಿದ್ದೇವೆ ಹೇಳಿ!

ತೊಂದರೆ ಎರಡು. ಒಂದು ಅಂತರಗಂಗೆ. ಊರಿನ ಕೊಳಚೆ ಸೇರುವ ಯಾವ ಕೆರೆಯಲ್ಲೂ ಇದಕ್ಕೆ ಹಬ್ಬದೂಟವೇ. ಆ ನೀರಿನ ಸಾರ ಹೀರಿ ಎರಡು ವಾರಕ್ಕೆಲ್ಲ ದುಪ್ಪಟ್ಟಾಗುವ ಗಿಡ ಇದು. ಈ ಕಡೆ ತೆಗೆಯುತ್ತಿರುವಾಗಲೇ ಆ ಕಡೆ ಹಬ್ಬಿರುತ್ತದೆ. ಗಾಳಿ ತಿರುಗಿದ ದಿನ ವಾಸನೆ, ಸಂಜೆ ಸೊಳ್ಳೆ. ಇನ್ನೊಂದು ತೊಂದರೆ ನನ್ನದೇ. ಸಂಜೆ ಹೋದರೆ ಹೊರಗೆ ಗಿರ್ಮಿಟ್, ಮಿರ್ಚಿ. ನಲವತ್ತು ನಿಮಿಷ ನಡೆದು ಕರಗಿಸಿದ್ದನ್ನು ನಾಲ್ಕು ನಿಮಿಷದಲ್ಲಿ ವಾಪಸ್ ತುಂಬಿಕೊಂಡು ಬಂದಿದ್ದೇನೆ, ಒಂದಲ್ಲ ಮೂರು ಸಲ. ಇಪ್ಪತ್ತೊಂದು ದಿನಕ್ಕೆ ಹನ್ನೊಂದು ಗೀಟು.

ಜುಲೈಯಲ್ಲಿ ಬೆಟ್ಟ. ಇದು ಅನ್ಯಾಯದ ಪರೀಕ್ಷೆ ಅಂತ ಮೊದಲೇ ಒಪ್ಪಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಬೆಟ್ಟ ಹತ್ತಲು ಹೊರಟಿದ್ದು ನನ್ನ ಬುದ್ಧಿವಂತಿಕೆ. ಆದರೆ ಮಳೆ ಬಿಟ್ಟ ದಿನ ಮೇಲೆ ನಿಂತರೆ ಇಡೀ ಹುಬ್ಬಳ್ಳಿ ತೊಳೆದಿಟ್ಟ ಹಾಗೆ ಕಾಣುತ್ತದೆ. ಏರು ಇರುವುದರಿಂದ ಸಮತಟ್ಟಿನಲ್ಲಿ ನಲವತ್ತು ನಿಮಿಷಕ್ಕೆ ಬರುವ ಬೆವರು ಇಲ್ಲಿ ಹದಿನೈದಕ್ಕೇ ಬರುತ್ತದೆ. ಬರುವವರೂ ಗಟ್ಟಿ ಮಂದಿ. ಎಪ್ಪತ್ತು ದಾಟಿದ ಕಾಕಾ ಒಬ್ಬರು ದಿನಾ ನನ್ನನ್ನು ಹಿಂದೆ ಹಾಕಿ, "ಸಾವಕಾಶ ಬರ್ರಿ ತಂಗಿ, ಬೆಟ್ಟ ಎಲ್ಲೂ ಓಡಿ ಹೋಗಂಗಿಲ್ಲ" ಅನ್ನುತ್ತಿದ್ದರು. ಏರುವಾಗ ಉಸಿರು, ಇಳಿಯುವಾಗ ಮೊಣಕಾಲು. ಎರಡನೇ ವಾರ ಎಡ ಮೊಣಕಾಲು ಊದಿಕೊಂಡಿತು. ಬರೀ ಐದು ಗೀಟು.

ತೋಳನಕೆರೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹುಬ್ಬಳ್ಳಿ-ಧಾರವಾಡ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತಲ್ಲ, ಆ ಯೋಜನೆಯಲ್ಲೇ ಇದನ್ನು ಚೆಂದ ಮಾಡಿದ್ದಾರೆ. ಸುತ್ತ ನಡೆಯುವ ದಾರಿ, ಮಕ್ಕಳಿಗೆ ಆಟ. ಮೊಮ್ಮಕ್ಕಳಿರುವವರು ಕಣ್ಣು ಮುಚ್ಚಿ ಇದನ್ನೇ ಆರಿಸಿಕೊಳ್ಳಬಹುದು. ನನಗೆ ಸ್ಕೂಟಿ ತೆಗೆಯಬೇಕು, ಸಿಗ್ನಲ್ ದಾಟಬೇಕು, ಗಾಡಿ ನಿಲ್ಲಿಸಲು ಜಾಗ ಹುಡುಕಬೇಕು. ಒಂಬತ್ತು ಗೀಟು.

ಮಧ್ಯದಲ್ಲಿ ಒಂದು ಭಾನುವಾರ ಚಿಗರಿ ಹತ್ತಿ ಧಾರವಾಡಕ್ಕೂ ಹೋಗಿದ್ದೆವು. ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಒಂದು ಸುತ್ತು. ಬಂದ ಮೇಲೆ ಹುಬ್ಬಳ್ಳಿಯವಳಾಗಿ ಸ್ವಲ್ಪ ಹೊಟ್ಟೆ ಉರಿಯಿತು ಅಂತಲೇ ಹೇಳಬೇಕು. ಅಲ್ಲಿಯದು ಕೆಂಪು ಮಣ್ಣು, ಮಳೆ ಬಿದ್ದು ಅರ್ಧ ಗಂಟೆಗೆ ನಡೆಯಬಹುದು. ನಮ್ಮ ಕಡೆಯ ಎರೆ ಮಣ್ಣು ಹಾಗಲ್ಲ. ಚಪ್ಪಲಿಗೆ ಮೆತ್ತಿಕೊಂಡು ಹತ್ತು ಹೆಜ್ಜೆಗೆ ಒಂದೊಂದು ಕಾಲು ಒಂದೊಂದು ಕಿಲೋ ಆಗುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬೆರಳು ಹೋಗುವಷ್ಟು ಬಿರುಕು ಬಿಡುತ್ತದೆ. ಹೋದ ಊರಿನಲ್ಲಿ ಸಾಧನಕೇರಿ ನೋಡದೆ ಬರಲಾಗುತ್ತದೆಯೇ? ಬೇಂದ್ರೆಯವರ ಮನೆ ಎದುರಿಗೆ ಕೆರೆ ನೋಡುತ್ತಾ ಕೂತೆವು. ಯಜಮಾನರು, "ಇಲ್ಲೇ ಮನಿ ಮಾಡಬೇಕಿತ್ತು ನೋಡು" ಅಂದರು. ಪ್ರತಿ ಸಲ ಅನ್ನುತ್ತಾರೆ.

ಸೆಪ್ಟೆಂಬರಿನಲ್ಲಿ ಬೇರೆ ದಾರಿ ಇಲ್ಲದೆ ಮನೆ ಹಿಂದಿನ ಗಾರ್ಡನ್. ಅದನ್ನು ಗಾರ್ಡನ್ ಅನ್ನುವುದು ರೂಢಿ ಅಷ್ಟೇ. ಲೇಔಟ್ ಮಾಡಿದಾಗ ಬಿಟ್ಟ ಜಾಗ, ಸುತ್ತ ತಂತಿ ಬೇಲಿ, ನಾಲ್ಕು ಹೊಂಗೆ, ಎರಡು ಬೇವು, ಹಲಗೆ ಮುರಿದ ಮೂರು ಬೆಂಚು. ಒಂದು ಸುತ್ತಿಗೆ ಎರಡೇ ನಿಮಿಷ. ಇಪ್ಪತ್ತು ಸುತ್ತು ಹಾಕಬೇಕು, ಗಾಣದ ಎತ್ತಿನ ಹಾಗೆ. ಹಿಂದೊಮ್ಮೆ ಇಲ್ಲಿ ಕಟ್ಟಡ ಕಟ್ಟಿಬಿಡೋಣ ಅಂತ ಮಾತೆದ್ದಿತ್ತಂತೆ. ಕಾಲನಿಯ ನಿವೃತ್ತ ಗುಮಾಸ್ತರೊಬ್ಬರು ಉದ್ಯಾನ, ಆಟದ ಮೈದಾನ ಉಳಿಸಲು 1985ರಲ್ಲೇ ರಾಜ್ಯದಲ್ಲಿ ಕಾಯ್ದೆ ಆಗಿದೆ ಅಂತ ಅದರ ಪ್ರತಿ ತಂದು ಮೀಟಿಂಗಿನಲ್ಲಿ ಓದಿದ ಮೇಲೆ ಎಲ್ಲರೂ ಸುಮ್ಮನಾದರಂತೆ. ಆ ಗುಮಾಸ್ತರು ಈಗಲೂ ಮುಂಜಾನೆ ಐದೂವರೆಗೆ ಗೇಟಿನ ಚಿಲಕ ತೆಗೆಯುತ್ತಾರೆ.

ಗಣಪತಿ ಹಬ್ಬಕ್ಕೆ ಐದು ದಿನ ಅರ್ಧ ಗಾರ್ಡನ್ ಪೆಂಡಾಲಿಗೆ ಹೋಯಿತು. ಆದರೂ ಗೀಟು ತಪ್ಪಲಿಲ್ಲ. ಮಳೆ ನಿಂತ ಹತ್ತು ನಿಮಿಷದ ಸಂದಿಯಲ್ಲೂ ಹೋಗಿ ಬಂದಿದ್ದೇನೆ. ಕುಕ್ಕರ್ ಇಟ್ಟು ಹೋಗಿ ಮೂರನೇ ಸೀಟಿಗೆ ಓಡಿ ಬಂದಿದ್ದೂ ಇದೆ. ಇನ್ನೊಂದು ಮಾತು, ಹೆಂಗಸರಿಗೆ ಗೊತ್ತಾಗುತ್ತದೆ. ದೊಡ್ಡ ಜಾಗಗಳಲ್ಲಿ ಎರಡು ಕಡೆ ಹೆಂಗಸರ ಶೌಚಾಲಯಕ್ಕೆ ಬೀಗ ನೋಡಿದೆ. ಯಾವ್ಯಾವು ಅಂತ ಹೇಳಲ್ಲ. ಇಲ್ಲಿ ಮನೆಯೇ ಎದುರಿಗಿದೆ. ಕತ್ತಲಾದರೂ ಹೆದರಿಕೆ ಇಲ್ಲ, ನಾಲ್ಕು ಮನೆಯ ಬಾಗಿಲು ಈ ಕಡೆಗೇ ತೆರೆದಿರುತ್ತವೆ. ಒಂದು ದಿನ ತಪ್ಪಿಸಿದರೆ ಮರುದಿನ, "ಯಾಕ್ರೀ ಅಕ್ಕಾರ, ನಿನ್ನೆ ಕಾಣಲಿಲ್ಲಲ್ರಿ?" ಅಂತ ವಿಚಾರಣೆ ಬೇರೆ.

ಹತ್ತೊಂಬತ್ತು ಗೀಟು. ಅತ್ತೆಯವರು ಕ್ಯಾಲೆಂಡರ್ ಮುಂದೆ ನಿಂತು ಕನ್ನಡಕ ಏರಿಸಿ ಎರಡು ಸಲ ಎಣಿಸಿದರು. ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಅಂದಕ್ಕೆ, ಗಾಳಿಗೆ ಉಣಕಲ್ಲೇ ಮೇಲು. ಬೆವರು ಬೇಕಾದರೆ, ಮೊಣಕಾಲು ಗಟ್ಟಿ ಇದ್ದರೆ ಬೆಟ್ಟ. ಈಗ ನಾನು ವಾರಕ್ಕೆ ಆರು ದಿನ ಗಾರ್ಡನ್ನಿಗೆ, ಭಾನುವಾರ ಕೆರೆಗೆ ಹೋಗುತ್ತೇನೆ, ಗಿರ್ಮಿಟ್‌ಗೆ ತಿಂಗಳಿಗೆ ಒಂದೇ ಸಲ ಪರವಾನಗಿ. ಅತ್ತೆಯವರೂ ಬರುತ್ತಾರೆ. ಮುರಿದ ಬೆಂಚಿನ ಮೇಲೆ ಮಡಚಿದ ಗೋಣಿಚೀಲ ಹಾಸಿಕೊಂಡು ಕೂತು ನನ್ನ ಸುತ್ತು ಎಣಿಸುತ್ತಾರೆ. ನಿನ್ನೆ ಹದಿನೆಂಟಕ್ಕೇ ನಿಲ್ಲಿಸಿದ್ದೆ. "ಇನ್ನೂ ಎಲ್ಡ ಅದಾವ" ಅಂದರು.