ಕಿನ್ಸೀ ಜೊತೆ 25 ಪುಸ್ತಕ

ಟಿಳಕವಾಡಿಯ ನಮ್ಮ ಮನೆಯಲ್ಲಿ ಮಳೆಗಾಲ ಅಂದ್ರೆ ಓದುವ ಕಾಲ. ಈ ಸಲ ಸೂ ಗ್ರಾಫ್ಟನ್ ಬರೆದ ಕಿನ್ಸೀ ಮಿಲ್‌ಹೋನ್ ಪತ್ತೇದಾರಿ ಸರಣಿ ಮುಗಿಸಿದೆ. ಒಂದೊಂದು ಪುಸ್ತಕದ ಹೆಸರಿಗೂ ಇಂಗ್ಲಿಷ್ ವರ್ಣಮಾಲೆಯ ಒಂದೊಂದು ಅಕ್ಷರ: 1982ರಲ್ಲಿ ‘ಎ’ ಅಕ್ಷರದಿಂದ ಶುರುವಾಗಿ 2017ರಲ್ಲಿ ‘ವೈ’ಗೆ ನಿಂತಿತು. ಅದೇ ವರ್ಷ ಲೇಖಕಿ ತೀರಿಕೊಂಡರು. ‘ಝಡ್’ ಬರಲೇ ಇಲ್ಲ. ಕೊನೆಯ ಪುಟ ಮುಚ್ಚಿದಾಗ ತುಂಬಾ ಸಂಕಟವಾಯಿತು.

ಕ್ಯಾಲಿಫೋರ್ನಿಯಾದ ಈ ಕಿನ್ಸೀ ಉಗುರು ಕತ್ತರಿಯಿಂದ ತನ್ನ ಕೂದಲು ತಾನೇ ಕತ್ತರಿಸಿಕೊಳ್ಳುತ್ತಾಳೆ. ಸಮಾರಂಭಕ್ಕೆ ಇರೋದು ಒಂದೇ ಕಪ್ಪು ಡ್ರೆಸ್. ಬ್ರೆಡ್ಡಿಗೆ ಶೇಂಗಾ ಬೆಣ್ಣೆ ಸವರಿ, ಸೌತೆಕಾಯಿ ಉಪ್ಪಿನಕಾಯಿ ಇಟ್ಟು ತಿನ್ನುತ್ತಾಳೆ. ಶೇಂಗಾ ಹಿಂಡಿ (ಚಟ್ನಿಪುಡಿ) ತಿಂದು ಬೆಳೆದ ನನಗೆ ಅದೇನೂ ವಿಚಿತ್ರ ಅನ್ನಿಸಲಿಲ್ಲ. ಕೇಸಿನ ಪ್ರತಿಯೊಂದು ವಿವರವನ್ನೂ ಚಿಕ್ಕ ಕಾರ್ಡುಗಳ ಮೇಲೆ ಬರೆದಿಡುತ್ತಾಳೆ. ಕಥೆಯೆಲ್ಲ 1980ರ ದಶಕದ್ದು, ಮೊಬೈಲ್ ಇಲ್ಲ. ಮನೆ ಮನೆ ಬಾಗಿಲು ತಟ್ಟಲೇಬೇಕು.

ನನಗೆ ಜಾಸ್ತಿ ಹಿಡಿಸಿದ್ದು ಕಿನ್ಸೀಯ ಮನೆ ಮಾಲೀಕ ಹೆನ್ರಿ. ಎಂಬತ್ತು ದಾಟಿದ ಅಜ್ಜ, ಬೇಕರಿ ಕೆಲಸದಿಂದ ನಿವೃತ್ತ. ನಾನೂ ಮೂರು ವರ್ಷ ಒಬ್ಬಳೇ ಬಾಡಿಗೆ ಮನೆಯಲ್ಲಿದ್ದೆ. ರಾತ್ರಿ ತಡವಾದರೆ ಮಾಲೀಕರು ಗೇಟಿಗೆ ಬೀಗ ಹಾಕಿಬಿಡುತ್ತಿದ್ದರು. ಹೆನ್ರಿಯಂಥವರು ಸಿಗೋದು ಪುಣ್ಯ ಅಲ್ವಾ?

ಮಧ್ಯದ ಕೆಲವು ಪುಸ್ತಕ ಸ್ವಲ್ಪ ಎಳೆದಂತಿವೆ. ಆದ್ರೂ ಬಿಡಬೇಡಿ, ‘ಎ’ಯಿಂದಲೇ ಹಿಡಿಯಿರಿ.