ಆಟಿಯ ಮಳೆಯಲ್ಲಿ ಓಪಿನೆಲ್ ನಂಬರ್ 8

ಅಣ್ಣನ ಮಗಳು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಓದು ಮುಗಿಸಿ ಬರುವಾಗ ನನಗೆಂದು ಒಂದು ಮಡಚುವ ಚೂರಿ ತಂದಿದ್ದಳು. ಕೈಗೆ ಕೊಡಲು ಬಂದವಳನ್ನು ಅಮ್ಮ ತಡೆದರು. "ಕಬ್ಬಿಣ ಕೈಯಿಂದ ಕೈಗೆ ಕೊಡ್ಬಾರ್ದು. ಕೆಳಗಿಡು, ಅವನೇ ತಗೊಳ್ಳಲಿ." ಅವಳು ಜಗಲಿಯ ಮೇಲೆ ಇಟ್ಟು, "ಅಲ್ಲಿಯೂ ಹೀಗೇ ಉಂಟು ಅಜ್ಜಿ. ಚೂರಿ ಕೊಟ್ಟವರಿಗೆ ಒಂದು ನಾಣ್ಯ ಕೊಡ್ಬೇಕು, ಇಲ್ಲದಿದ್ರೆ ಸ್ನೇಹ ತುಂಡಾಗ್ತದಂತೆ" ಅಂದಳು. ಎರಡು ರೂಪಾಯಿ ಕೊಟ್ಟು ಎತ್ತಿಕೊಂಡೆ.

ಓಪಿನೆಲ್ ನಂಬರ್ 8, ಕಾರ್ಬನ್ ಉಕ್ಕಿನದು. ನಾಲ್ಕು ಮಳೆಗಾಲ ಕಳೆದ ಮೇಲೆ ಈಗ ಬರೆಯುತ್ತಿದ್ದೇನೆ. ಸುಳ್ಯದ ಮಳೆ ನೋಡದ ಚೂರಿಯ ಬಗ್ಗೆ ನಮ್ಮ ಕಡೆಯವರಿಗೆ ಹೇಳಿ ಏನು ಪ್ರಯೋಜನ?

ಆಲ್ಪ್ಸ್ ಬೆಟ್ಟದ ಸಾವೊಯಾ ಸೀಮೆಯಲ್ಲಿ ಜೋಸೆಫ್ ಓಪಿನೆಲ್ ಎಂಬವರು 1890ರಲ್ಲಿ ಶುರುಮಾಡಿದ್ದು ಇದು. ರೈತರು ಕಿಸೆಯಲ್ಲಿಟ್ಟು ತಿರುಗುವ ಚೂರಿ. 1897ರ ಹೊತ್ತಿಗೆ 1ರಿಂದ 12ರವರೆಗೆ ಅಳತೆಗಳು ಬಂದವು. ನಂಬರ್ 8ರ ಅಲಗು ಎಂಟೂವರೆ ಸೆಂಟಿಮೀಟರ್, ಬೀಚ್ ಮರದ ಹಿಡಿ ಅಂಗೈಯಲ್ಲಿ ತುಂಬಿ ನಿಲ್ಲುವಷ್ಟು. ಅಲಗಿನ ಮೇಲೆ ಕಿರೀಟ ಹೊತ್ತ ಒಂದು ಕೈಯ ಮುದ್ರೆ ಇದೆ, 1909ರಿಂದ ಬಂದದ್ದು. ಹರಸುವ ಹಾಗೆ ಮೂರು ಬೆರಳು ಎತ್ತಿದ ಆ ಕೈ ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್‌ನದ್ದು, ಕಿರೀಟ ಸಾವೊಯಾದ ದೊರೆಗಳದ್ದು.

ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಿಡಿಯ ಕುತ್ತಿಗೆಯಲ್ಲಿರುವ ಉಕ್ಕಿನ ಬಳೆ. 1955ರಲ್ಲಿ ಸೇರಿಸಿದ್ದು, ಹೆಸರು ವೀರೋಬ್ಲಾಕ್. ಅಲಗು ಬಿಡಿಸಿ ಬಳೆಯನ್ನು ಹೆಬ್ಬೆರಳಲ್ಲಿ ಸ್ವಲ್ಪ ತಿರುಗಿಸಿದರೆ ಅದರ ಸೀಳು ಪಕ್ಕಕ್ಕೆ ಸರಿದು, ಬಳೆ ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಮತ್ತೆ ಚೂರಿ ಬೆರಳ ಮೇಲೆ ಮಡಚಿಕೊಳ್ಳುವುದಿಲ್ಲ. ಸ್ಪ್ರಿಂಗ್ ಇಲ್ಲ, ಕೆಡುವಂಥದ್ದು ಒಂದೂ ಇಲ್ಲ. ಮಡಚಿಟ್ಟಾಗಲೂ ಬಳೆ ತಿರುಗಿಸಿ ಬಿಗಿ ಮಾಡಬಹುದು, ಹಾಗಾಗಿ ಕಿಸೆಯಲ್ಲಿ ತಾನಾಗಿ ತೆರೆದುಕೊಳ್ಳುವ ಹೆದರಿಕೆಯೂ ಇಲ್ಲ. ನನ್ನ ಸಂಗ್ರಹದಲ್ಲಿ ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಎಂಬ ಮಡಚುವ ಚೂರಿ ಇದೆ. ಮಡಚಿದ ಹಿತ್ತಾಳೆ ತಗಡಿನ ಹಿಡಿ, ಹರಿತದಲ್ಲಿ ಇದಕ್ಕಿಂತ ಒಂದು ಕೈ ಮೇಲು. ಆದರೆ ಅದಕ್ಕೆ ಬೀಗವಿಲ್ಲ, ಅಲಗಿನ ಬಾಲವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದೇ ಕೊಯ್ಯಬೇಕು. ತೋಟದಲ್ಲಿ ಒದ್ದೆ ಕೈಗೆ ಅದು ಆಗುವುದಿಲ್ಲ. ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ.

ದಿನಕ್ಕೆ ಎಷ್ಟು ಸಲ ತೆಗೆಯುತ್ತೇನೆ ಎಂದು ಲೆಕ್ಕ ಇಟ್ಟಿಲ್ಲ. ಬಾಳೆಲೆ ಕೊಯ್ಯಲು, ವೀಳ್ಯದೆಲೆಯ ತೊಟ್ಟು ತೆಗೆಯಲು, ಗೊಬ್ಬರದ ಚೀಲದ ಹೊಲಿಗೆ ಬಿಡಿಸಲು, ಅಡಿಕೆ ಹಾಳೆ ಸೀಳಲು. ಅಪ್ಪನ ಕಾಲದಲ್ಲಿ ಇದಕ್ಕೆಲ್ಲ ಊರ ಆಚಾರಿ ಮಾಡಿಕೊಟ್ಟ ಪೀಶಕತ್ತಿ ಇತ್ತು. ಅದು ಮಡಚುತ್ತಿರಲಿಲ್ಲ. ಅಪ್ಪ ಎಲೆಅಡಿಕೆಯ ಹರಿವಾಣದಲ್ಲೇ ಇಡುತ್ತಿದ್ದರು, ಹರಿವಾಣ ಬಿಟ್ಟು ಎದ್ದರೆ ಕತ್ತಿಯೂ ಅಲ್ಲೇ ಉಳಿಯುತ್ತಿತ್ತು.

ಒಂದು ಕೆಲಸಕ್ಕೆ ಮಾತ್ರ ಬೇಡ: ಕಸಿ. ಬ್ರೆಜಿಲ್ ಹಿಪ್ಪಲಿಗೆ ಕಾಳುಮೆಣಸಿನ ಕುಡಿ ಕೂಡಿಸುವಾಗ ಕೊಯ್ತ ಹಲಗೆಯಂತೆ ಚಪ್ಪಟೆ ಬರಬೇಕು. ಅದಕ್ಕೆ ಒಂದೇ ಬದಿ ಮಸೆದ ಅಲಗು ಬೇಕು. ಇದನ್ನು ಎರಡೂ ಬದಿ ಮಸೆದಿರುತ್ತಾರೆ, ಕುಡಿಯ ಮೇಲೆ ಸಣ್ಣ ಉಬ್ಬು ಉಳಿಯುತ್ತದೆ. ಕಸಿಗೆ ಬೇರೆ ಚೂರಿಯೇ ಇರಲಿ.

ಇನ್ನು ಮಳೆಗಾಲದ ವಿಷಯ. ಬೀಚ್ ಮರ ನೀರು ಕುಡಿದರೆ ಉಬ್ಬುತ್ತದೆ, ಅಲಗು ಕೂರುವ ಸೀಳು ಕಿರಿದಾಗಿ ಚೂರಿಯನ್ನು ಕಚ್ಚಿ ಹಿಡಿಯುತ್ತದೆ. ಮೊದಲ ವರ್ಷ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ತುಳು ತಿಂಗಳಲ್ಲಿ, ಮೂರು ದಿನ ಅದನ್ನು ಒರೆಸದೆ ಒದ್ದೆ ಚಡ್ಡಿಯ ಕಿಸೆಯಲ್ಲೇ ಬಿಟ್ಟಿದ್ದೆ. ನಾಲ್ಕನೆಯ ದಿನ ಹಟ್ಟಿಯಲ್ಲಿ ಕರುವಿನ ಕುತ್ತಿಗೆಗೆ ಹಗ್ಗ ಎರಡು ಸುತ್ತು ಬಿಗಿದು ಅದು ಕಣ್ಣು ಮೇಲೆ ಮಾಡುತ್ತಿತ್ತು. ಉಗುರು ಹಾಕಿ ಎಳೆದರೆ ಅಲಗು ಕದಲಲಿಲ್ಲ. ಹೆಂಡತಿ ಅಡುಗೆಮನೆಯಿಂದ ಕತ್ತಿ ಹಿಡಿದು ಓಡಿ ಬಂದಳು, ಕರು ಉಳಿಯಿತು. ತಪ್ಪು ನನ್ನದು. ಮರವನ್ನು ನೀರಲ್ಲಿಟ್ಟರೆ ಮರ ಏನು ಮಾಡೀತು?

ಸಾವೊಯಾದವರಿಗೂ ಇದು ಗೊತ್ತು. ಹಿಡಿಯ ಹಿಂತುದಿಯನ್ನು ಗಟ್ಟಿ ಜಾಗಕ್ಕೆ ಒಮ್ಮೆ ಕುಟ್ಟಿದರೆ ಅಲಗು ಸೀಳಿನಿಂದ ತುಸು ಮೇಲೆದ್ದು ಬೆರಳಿಗೆ ಸಿಗುತ್ತದೆ. ಅದಕ್ಕೆ ಸಾವೊಯಾದವರ ಏಟು ಎಂದೇ ಹೆಸರು. ನಾನು ಮಾಡಿಕೊಂಡ ಉಪಾಯ ಇನ್ನೊಂದು. ಮಾರ್ಚ್‌ನ ಒಣ ಬಿಸಿಲಲ್ಲಿ ಚೂರಿಯನ್ನು ನಾಲ್ಕು ದಿನ ಒಣಗಿಸಿ, ಉಪ್ಪುಕಾಗದವನ್ನು ಮಡಚಿ ಸೀಳಿನೊಳಗೆ ಹತ್ತಾರು ಸಲ ಎಳೆದೆ. ಆಮೇಲೆ ನಮ್ಮದೇ ಪೆಟ್ಟಿಗೆಯ ಜೇನುಮೇಣ ಕರಗಿಸಿ ಒಳಗೆ ಸುರಿದು, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿದೆ. ಅಲ್ಲಿಂದೀಚೆಗೆ ಜುಲೈಯಲ್ಲೂ ಉಗುರಿಗೇ ತೆರೆಯುತ್ತದೆ, ಸ್ವಲ್ಪ ಬಿಗಿ ಅಷ್ಟೆ.

ಕಾರ್ಬನ್ ಅಲಗಿಗೆ ತುಕ್ಕು ಹಿಡಿಯುತ್ತದೆ, ಅದು ಗೊತ್ತಿದ್ದೇ ತೆಗೆದುಕೊಳ್ಳಬೇಕು. ರಾತ್ರಿ ಒರೆಸಿ ಒಂದು ತೊಟ್ಟು ತೆಂಗಿನೆಣ್ಣೆ ಸವರುತ್ತೇನೆ. ಮಾವಿನಕಾಯಿಯ ಹುಳಿಗೂ ಹಸಿ ಅಡಿಕೆಯ ಒಗರಿಗೂ ಅಲಗು ಕಪ್ಪಾಗಿದೆ. ಬೆನ್ನಿನ ಕಡೆ ನವಿಲುಗರಿಯ ಹಾಗೆ ನೀಲಿ, ಬಾಯಿಯ ಹತ್ತಿರ ಬೂದಿ. ಆ ಕಪ್ಪು ಉಜ್ಜಿ ತೆಗೆಯಬೇಡಿ, ಕೆಂಪು ತುಕ್ಕನ್ನು ತಡೆಯುವುದು ಅದೇ. ಮಸೆಯಲು ಸಾಣೆಕಲ್ಲಿನ ಮೇಲೆ ಐದು ನಿಮಿಷ ಸಾಕು. ಅಲಗು ತೆಳು, ಬೇಗ ಬಾಯಿ ಬರುತ್ತದೆ.

ಪೇಟೆಯಲ್ಲಿರುವವರು, ಹಣ್ಣು ಕೊಯ್ಯಲಷ್ಟೇ ಬೇಕೆನ್ನುವವರು ತುಕ್ಕು ಹಿಡಿಯದ ಉಕ್ಕಿನದನ್ನು ತೆಗೆದುಕೊಳ್ಳಿ, ಅದೇ ನಂಬರ್ 8ರಲ್ಲಿ ಸಿಗುತ್ತದೆ. ಕಾರ್ಬನ್ ಅಲಗಿನಲ್ಲಿ ಕೊಯ್ದ ಸೇಬಿಗೆ ಕಬ್ಬಿಣದ ರುಚಿ ಬರುತ್ತದೆ, ಮಕ್ಕಳು ಮುಟ್ಟುವುದಿಲ್ಲ. ವಿಮಾನ ಹತ್ತುವವರು ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ನಾನು ಬೆಂಗಳೂರಿಗೆ ಹೋಗುವ ದಿನ ಅದನ್ನು ಅಪ್ಪನ ಹರಿವಾಣದಲ್ಲಿ ಇಟ್ಟು ಹೋಗುತ್ತೇನೆ.