ಮಾವಿನ ಓಟೆ ನುಂಗಿದ ಕೆಂಚ, ರಾತ್ರಿ ಫೋನ್ ಎತ್ತಿದ ಡಾಕ್ಟರ್

ನಮ್ಮ ನಾಯಿ ಕೆಂಚ ಬೀದಿಯಿಂದ ಬಂದು ಮನೆ ಸೇರಿದವನು. ಆರು ವರ್ಷ, 17 ಕೆಜಿ. ಹೋದ ಮೇ ತಿಂಗಳಲ್ಲಿ ಒಂದು ರಾತ್ರಿ ಹತ್ತೂವರೆಗೆ ನಾಲ್ಕನೇ ಸಲ ವಾಂತಿ ಮಾಡಿದ. ಹಿಂದಿನ ದಿನದಿಂದ ಕಕ್ಕಸೂ ಆಗಿರಲಿಲ್ಲ. ಮುಂಗಾಲು ಚಾಚಿ, ಹಿಂಭಾಗ ಎತ್ತಿ, ನಮಸ್ಕಾರ ಮಾಡೋ ಹಾಗೆ ನಿಲ್ಲುತ್ತಿದ್ದ. ಅದು ಹೊಟ್ಟೆನೋವಿಗೆ ಅಂತ ನನಗೆ ಆಗ ಗೊತ್ತಿರಲಿಲ್ಲ.

ಏನೋ ತಿಂದಿದ್ದಾನೆ, ಉಪ್ಪುನೀರು ಕುಡಿಸಿದರೆ ಎಲ್ಲಾ ಹೊರಗೆ ಬರುತ್ತೆ ಅಂತ ಅಮ್ಮ ಲೋಟದಲ್ಲಿ ಉಪ್ಪು ಕದಡುತ್ತಾ ನಿಂತಿದ್ದರು. ಅಷ್ಟರಲ್ಲಿ ನಾನು ಮೈಸೂರಿನ ಈ ಕ್ಲಿನಿಕ್‌ಗೆ ಫೋನ್ ಮಾಡಿದೆ. ಡಾಕ್ಟರೇ ಎತ್ತಿದರು. ವಿಷಯ ಕೇಳಿದ ತಕ್ಷಣ ಹೇಳಿದ್ದು, "ಸರ್, ಬಾಯಿಗೆ ಏನೂ ಹಾಕಬೇಡಿ. ಉಪ್ಪುನೀರಂತೂ ಬೇಡವೇ ಬೇಡ." ಉಪ್ಪು ಜಾಸ್ತಿಯಾದರೆ ನಾಯಿಗೆ ಅದೇ ವಿಷ. ಚೂಪಾದ್ದು, ಬ್ಯಾಟರಿ ಸೆಲ್ಲು, ಆಸಿಡ್ಡು ಒಳಗೆ ಹೋಗಿದ್ದರೆ ವಾಂತಿ ಮಾಡಿಸಲೇಬಾರದು, ವಾಪಸ್ ಬರುವಾಗ ಗಂಟಲನ್ನು ಸೀಳುತ್ತೆ, ಇಲ್ಲಾ ಸುಡುತ್ತೆ. ಆಮೇಲೆ ಅವರು ಕೇಳಿದ ಪ್ರಶ್ನೆಯೇ ಕೆಂಚನನ್ನು ಉಳಿಸಿತು ಅಂತ ನಾನು ನಂಬಿದ್ದೇನೆ. "ಮನೆಯಲ್ಲಿ ಏನು ಕಮ್ಮಿಯಾಗಿದೆ ನೋಡಿ. ಕಾಲುಚೀಲ, ಬಾಲು, ಮೂಳೆ, ಓಟೆ?"

ಅಮ್ಮ ಗೊಬ್ಬರದ ಬಕೆಟ್ ಕೆದಕಿದರು. ಹಿಂದಿನ ದಿನ ಸೀಕರಣೆಗೆ ಆರು ರಸಪುರಿ ಹಣ್ಣು ಹಿಂಡಿದ್ದರು. ಬಕೆಟ್‌ನಲ್ಲಿ ಇದ್ದದ್ದು ಐದೇ ಓಟೆ.

ಒಂದು ಓಟೆ ಕವರಿಗೆ ಹಾಕಿಕೊಂಡು ಬನ್ನಿ ಅಂದರು. ಹೋದ ಕೂಡಲೇ ಅದನ್ನು ಸ್ಕೇಲಿಟ್ಟು ಅಳೆದರು. ಎಕ್ಸ್‌ರೇಯಲ್ಲಿ ಮೂಳೆ, ನಾಣ್ಯದ ಹಾಗೆ ಓಟೆ ಬೆಳ್ಳಗೆ ಎದ್ದು ಕಾಣಲ್ಲ, ಗ್ಯಾಸ್ ತುಂಬಿ ಉಬ್ಬಿದ ಕರುಳು ಮಾತ್ರ ಕಂಡಿತು. ಅದಕ್ಕೇ ಸ್ಕ್ಯಾನಿಂಗ್ ಕೂಡ ಮಾಡಿದರು. ಸಣ್ಣ ಕರುಳಿನಲ್ಲಿ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಹಾಗೇ ಬಿಟ್ಟರೆ ಆ ಜಾಗದಲ್ಲಿ ರಕ್ತ ಓಡಾಡದೆ ಕರುಳು ಕೊಳೆಯುತ್ತೆ, ತೂತಾಗುತ್ತೆ ಅಂತ ಕಾಗದದ ಮೇಲೆ ಚಿತ್ರ ಬರೆದು ಅಮ್ಮನಿಗೆ ತಿಳಿಸಿದರು. ಡ್ರಿಪ್ ಹಾಕಿ, ರಾತ್ರಿಯೇ ಆಪರೇಷನ್.

ಬೆಳಗಿನ ಜಾವ ಸ್ಟೀಲ್ ಟ್ರೇಯಲ್ಲಿ ಓಟೆ ತೋರಿಸಿದರು. ನಾರು ಇನ್ನೂ ಹಾಗೇ ಅಂಟಿಕೊಂಡಿತ್ತು. ಒಂದೇ ಒಂದು ಹಲ್ಲಿನ ಗುರುತು. ಅಗಿದೇ ಇಲ್ಲ, ಸುಮ್ನೆ ನುಂಗಿದ್ದಾನೆ.

ಬೇಜಾರಾಗಿದ್ದೂ ಹೇಳಬೇಕು. ರಾತ್ರಿಯ ಚಾರ್ಜು ಬೇರೆ ಅಂತ ಮೊದಲೇ ಹೇಳಲಿಲ್ಲ. ಒಟ್ಟು 26 ಸಾವಿರ ಆಯಿತು. ಯಾವುದಕ್ಕೆ ಎಷ್ಟು ಅಂತ ಎರಡು ಸಲ ಕೇಳಿದ ಮೇಲೆ ಬರೆದುಕೊಟ್ಟರು. ಹೊರಗೆ ನಾಯಿ, ಬೆಕ್ಕು ಎಲ್ಲಕ್ಕೂ ಒಂದೇ ಬೆಂಚು. ಅದಕ್ಕೆ ಐದರಲ್ಲಿ ಒಂದು ಸ್ಟಾರ್ ಕಮ್ಮಿ ಕೊಡುತ್ತಿದ್ದೇನೆ.

ಆದರೆ ಮನೆಗೆ ಕಳಿಸಿದ ಮೇಲೂ ಮೂರು ದಿನ ಅವರೇ ಫೋನ್ ಮಾಡಿ ಗಂಜಿ ಕುಡಿದನಾ, ಕಕ್ಕಸಾಯಿತಾ, ಹೊಲಿಗೆ ನೆಕ್ಕುತ್ತಿದ್ದಾನಾ ಅಂತ ವಿಚಾರಿಸಿದರು. ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದರು. ಅಮ್ಮ ಈಗಲೂ ಸೀಕರಣೆ ಮಾಡುತ್ತಾರೆ. ಓಟೆಗಳನ್ನು ಮುಚ್ಚಳದ ಡಬ್ಬಿಗೆ ಎಣಿಸಿ ಹಾಕುತ್ತಾರೆ.